ಆನ್‌ಲೈನ್‌ನಲ್ಲಿ ಜನಾಭಿಪ್ರಾಯ ಕೇಳುವುದು: ನಾನು ಮಾಡುವ ಕ್ರಮ

ಖಾಲಿ ಚೌಕವೊಂದನ್ನು ಇಟ್ಟು ‘ನಿಮ್ಮ ಸಲಹೆ ಬರೆಯಿರಿ’ ಎಂದರೆ ಹೆಚ್ಚಿನವರು ಬರೆಯುವುದಿಲ್ಲ, ಬರೆಯುವ ನಾಲ್ವರು ಜಗಳವಾಡುತ್ತಾರೆ. ಹಾಗಾಗಿ ನಾನು ಪೋಲ್-ಇಸ್ ಎಂಬ ಮುಕ್ತ ತಂತ್ರಾಂಶ ಬಳಸುತ್ತೇನೆ. ತೈವಾನಿನಲ್ಲಿ ಕಾನೂನುಗಳ ಬಗ್ಗೆ ಜನರ ಜೊತೆ ಚರ್ಚಿಸುವ ವಿ-ತೈವಾನ್ ವೇದಿಕೆ 2015ರಲ್ಲಿ ಉಬರ್ ಕುರಿತ ಚರ್ಚೆಗೆ ಬಳಸಿದ್ದು ಇದನ್ನೇ. ಪರದೆಯ ಮೇಲೆ ಒಂದೊಂದೇ ಚಿಕ್ಕ ಹೇಳಿಕೆ ಬರುತ್ತದೆ. ಒಪ್ಪುತ್ತೇನೆ, ಒಪ್ಪುವುದಿಲ್ಲ, ಬಿಟ್ಟುಬಿಡುತ್ತೇನೆ ಎಂಬ ಮೂರೇ ಗುಂಡಿ. ಬೇಕಾದವರು ತಮ್ಮದೊಂದು ಹೇಳಿಕೆ ಸೇರಿಸಬಹುದು. ಇನ್ನೊಬ್ಬರ ಮಾತಿಗೆ ಮರುಮಾತು ಬರೆಯಲು ಅವಕಾಶವೇ ಇಲ್ಲ, ಅದೇ ಇದರ ದೊಡ್ಡ ಗುಣ.

ಲಿಂಕ್ ತೆರೆಯುವ ಮೊದಲು ನಿರ್ಧಾರ ತೆಗೆದುಕೊಳ್ಳುವವರಿಂದ ಒಂದು ಪುಟ ಬರೆಸಿಕೊಳ್ಳಬೇಕು: ಯಾವ ತೀರ್ಮಾನಕ್ಕಾಗಿ ಕೇಳುತ್ತಿದ್ದೇವೆ, ಯಾವುದು ಈಗಾಗಲೇ ನಿರ್ಧಾರವಾಗಿದೆ, ಯಾವ ದಿನಾಂಕದೊಳಗೆ ಉತ್ತರ ಕೊಡುತ್ತಾರೆ. ನಿರ್ಧಾರಗಳಲ್ಲಿ ಜನರಿಗೆ ಎಷ್ಟು ಪಾಲು ಸಿಗುತ್ತದೆ ಎಂದು ಅಳೆಯಲು ಶೆರ್ರಿ ಅರ್ನ್‌ಸ್ಟೀನ್ 1969ರಲ್ಲಿ ಬರೆದ ಎಂಟು ಮೆಟ್ಟಿಲ ಏಣಿಯಲ್ಲಿ ‘ಅಭಿಪ್ರಾಯ ಕೇಳುವುದು’ ನಾಲ್ಕನೆಯದು. ಕೇಳಿ ಸುಮ್ಮನಾದರೆ ಅದು ಬರೀ ತೋರಿಕೆ. ಆ ಪುಟಕ್ಕೆ ಸಹಿ ಬೀಳದಿದ್ದರೆ ನಾನು ಕೆಲಸ ಶುರು ಮಾಡುವುದಿಲ್ಲ.

ಅರ್ಧಕ್ಕಿಂತ ಹೆಚ್ಚು ಸಮಯ ಹೋಗುವುದು ಆರಂಭದ ಹೇಳಿಕೆಗಳಿಗೆ. ಹದಿನೈದರಿಂದ ಇಪ್ಪತ್ತು ಸಾಕು. ಹಳೆಯ ದೂರು ಅರ್ಜಿಗಳನ್ನು ಓದಿ, ಎರಡೂ ಪಕ್ಷದವರ ಜೊತೆ ಮಾತಾಡಿ, ಸಾಧ್ಯವಾದಷ್ಟು ಅವರದೇ ಮಾತಿನಲ್ಲಿ ಬರೆಯುತ್ತೇನೆ. ಉದಾಹರಣೆಗೆ, ‘ಗ್ರಂಥಾಲಯದ ಸಮಯವನ್ನೂ ಸಿಬ್ಬಂದಿಯನ್ನೂ ಹೆಚ್ಚಿಸಬೇಕು’ ಎಂದರೆ ಎರಡು ಪ್ರಶ್ನೆ. ಒಂದನ್ನು ಒಪ್ಪಿ ಇನ್ನೊಂದನ್ನು ಒಪ್ಪದವರು ಏನು ಒತ್ತಬೇಕು? ‘ರಾತ್ರಿ ತೆರೆಯುವುದು ಬೇಡ ಎನ್ನುವುದು ಸರಿಯಲ್ಲ’ ಎಂದರೆ ಓದಿದವರು ತಮಗೆ ಬೇಕಾದ್ದಕ್ಕೆ ವಿರುದ್ಧದ ಗುಂಡಿ ಒತ್ತುತ್ತಾರೆ. ‘ಗ್ರಂಥಾಲಯ ಚೆನ್ನಾಗಿರಬೇಕು’ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಇಂಥ ಕಡೆ ಬೆಲೆಯನ್ನೂ ಸೇರಿಸಿ ಬರೆಯಬೇಕು: ‘ರಾತ್ರಿ 9ರವರೆಗೆ ತೆರೆದಿಡುವುದಾದರೆ ಭಾನುವಾರ ಮುಚ್ಚಿದರೂ ನನಗೆ ಅಡ್ಡಿಯಿಲ್ಲ.’ ಈಗ ಗುಂಪುಗಳು ಬೇರೆಯಾಗುತ್ತವೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಹೆಚ್ಚುವರಿ ತಲೆನೋವು ಅಕ್ಷರಗಳ ಮಿತಿ. ಹೇಳಿಕೆಗೆ 140 ಅಕ್ಷರ ಎಂದಿದ್ದರೆ ಯಂತ್ರ ಎಣಿಸುವುದು ಯುನಿಕೋಡ್ ಸಂಕೇತಗಳನ್ನು. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅದಕ್ಕೆ ಆರು: ಸ, ತ, ರ, ಒತ್ತಕ್ಷರ ಮಾಡುವ ಎರಡು ವಿರಾಮ ಚಿಹ್ನೆ (್), ಒಂದು ದೀರ್ಘ ಈ-ಕಾರ (ೀ). ಸುಮಾರು ಹದಿನೈದು ಪದಕ್ಕೆ ಮಿತಿ ಮುಗಿಯುತ್ತದೆ. ಕಚೇರಿ ಭಾಷೆಯ ಉದ್ದುದ್ದ ಸಮಾಸಪದಗಳನ್ನು ಬಿಡಿಸಲು ಇದೇ ಒಳ್ಳೆಯ ನೆಪ.

ಜನರು ಸೇರಿಸುವ ಹೇಳಿಕೆಗಳನ್ನು ಪರಿಶೀಲಿಸಿದ ಮೇಲೆಯೇ ತೋರಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ದಿನಕ್ಕೆ ಎರಡು ಸಲವಾದರೂ ಸರತಿ ಖಾಲಿ ಮಾಡಬೇಕು, ಇಲ್ಲವಾದರೆ ಬೆಳಿಗ್ಗೆ ಬಂದವರಿಗೆ ಹೊಸದೇನೂ ಕಾಣುವುದಿಲ್ಲ. ಬೈಗುಳ, ವ್ಯಕ್ತಿಗಳ ಹೆಸರು, ಪುನರಾವರ್ತನೆ, ವಿಷಯಕ್ಕೆ ಸಂಬಂಧವಿಲ್ಲದ್ದು, ಎರಡು ಮಾತು ಒಟ್ಟಿಗೆ ಕಟ್ಟಿದ್ದು, ಇಷ್ಟನ್ನು ಮಾತ್ರ ತಿರಸ್ಕರಿಸುತ್ತೇನೆ. ಪ್ರತಿ ತಿರಸ್ಕಾರಕ್ಕೂ ಕಾರಣ ಒಂದು ಶೀಟಿನಲ್ಲಿ ಬರೆದಿಡುತ್ತೇನೆ, ಯಾರಾದರೂ ಕೇಳಿಯೇ ಕೇಳುತ್ತಾರೆ.

ಮೂರು ವಾರ ಇಡುವುದಾದರೆ ಮೊದಲ ಎರಡು ವಾರ ಹೊಸ ಹೇಳಿಕೆ, ಕೊನೆಯ ವಾರ ಮತ ಮಾತ್ರ. ತಡವಾಗಿ ಬಂದ ಹೇಳಿಕೆಯನ್ನು ಮೊದಲೇ ಮತ ಹಾಕಿ ಹೋದವರು ನೋಡಿರುವುದಿಲ್ಲ. ಒಂಬತ್ತು ಜನರ ಪೂರ್ಣ ಒಪ್ಪಿಗೆ ವರದಿಯಲ್ಲಿ 100% ಎಂದು ಮೆರೆಯುತ್ತದೆ. ಶೇಕಡಾವಾರು ಓದುವ ಮೊದಲು ಎಷ್ಟು ಜನ ನೋಡಿದ್ದಾರೆ ಎಂದು ನೋಡಿ. ಮೂರರಲ್ಲೊಂದು ಭಾಗ ‘ಬಿಟ್ಟುಬಿಡುತ್ತೇನೆ’ ಒತ್ತಿದ್ದರೆ ನಾನು ಮೊದಲು ಸಂಶಯಪಡುವುದು ವಾಕ್ಯವನ್ನು, ಜನರನ್ನಲ್ಲ.

ಲಾಗಿನ್ ಇಲ್ಲದಿದ್ದರೆ ತಂತ್ರಾಂಶ ವ್ಯಕ್ತಿಯನ್ನು ಗುರುತಿಸುವುದು ಬ್ರೌಸರಿನ ಕುಕಿಯಿಂದ, ಅಂದರೆ ಬ್ರೌಸರಿನಲ್ಲಿ ಉಳಿಯುವ ಚಿಕ್ಕ ಗುರುತಿನಿಂದ. ಮನೆಗೊಂದೇ ಫೋನ್ ಇದ್ದಲ್ಲಿ ಎರಡನೆಯವರ ಮತ ಮೊದಲನೆಯವರ ಖಾತೆಗೆ ಬೀಳುತ್ತದೆ. ಸ್ವಯಂಸೇವಕರು ಟ್ಯಾಬ್ ಹಿಡಿದು ಮನೆಮನೆಗೆ ಹೋಗುವಾಗ ಬ್ರೌಸರಿನ ಖಾಸಗಿ ಕಿಟಕಿ (private window) ಬಳಸಿ, ಒಬ್ಬರು ಮುಗಿಸಿದ ಮೇಲೆ ಅದನ್ನು ಮುಚ್ಚಿ ಹೊಸದು ತೆರೆಯಬೇಕು. ಓದಲು ಬಾರದವರಿಗೆ ಹೇಳಿಕೆಯನ್ನು ಒಂದೇ ದನಿಯಲ್ಲಿ ಓದಿ ಹೇಳಬೇಕು, ವಿವರಿಸಬಾರದು. ವಿವರಣೆ ಕೊಟ್ಟರೆ ಬರುವುದು ಸ್ವಯಂಸೇವಕರ ಅಭಿಪ್ರಾಯ.

ಒಂದೇ ವಾಟ್ಸಾಪ್ ಗುಂಪು ಲಿಂಕ್ ಹಂಚಿಕೊಂಡು ನುಗ್ಗುವುದೂ ಉಂಟು. ತಂತ್ರಾಂಶದಿಂದ ಇಳಿಸಿಕೊಳ್ಳುವ ಮತಗಳ ಸಿಎಸ್‌ವಿ ಕಡತದಲ್ಲಿ (ಸ್ಪ್ರೆಡ್‌ಶೀಟಿನಲ್ಲಿ ತೆರೆಯುವ ಪಟ್ಟಿ) ಪ್ರತಿ ಮತದ ಸಮಯ ಇರುತ್ತದೆ; ಗಂಟೆವಾರು ಎಣಿಸಿದರೆ ಉಬ್ಬು ಕಾಣುತ್ತದೆ. ಆ ಮತಗಳನ್ನು ಗುಟ್ಟಾಗಿ ಅಳಿಸುವುದು ತಪ್ಪು. ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಮಾಡಿ ಎರಡನ್ನೂ ಪ್ರಕಟಿಸುತ್ತೇನೆ.

ಫಲಿತಾಂಶದಲ್ಲಿ ಬಹುಮತ ನೋಡಿದರೆ ಈ ಇಡೀ ಶ್ರಮ ವ್ಯರ್ಥ. ಮತಗಳ ಮಾದರಿ ನೋಡಿ ತಂತ್ರಾಂಶ ಜನರನ್ನು ಗುಂಪುಗಳಾಗಿ ವಿಂಗಡಿಸುತ್ತದೆ. ನೋಡಬೇಕಾದ್ದು ಪ್ರತಿ ಗುಂಪಿನ ಒಪ್ಪಿಗೆ. ಒಂದು ಗುಂಪಿನಲ್ಲಿ 200, ಇನ್ನೊಂದರಲ್ಲಿ 40 ಜನ ಎನ್ನಿ. ಮೊದಲ ಹೇಳಿಕೆಗೆ 90% ಮತ್ತು 20% ಒಪ್ಪಿಗೆ: ಒಟ್ಟು 240ರಲ್ಲಿ 188, ಅಂದರೆ 78%. ಎರಡನೆಯದಕ್ಕೆ ಎರಡೂ ಕಡೆ 70%: ಒಟ್ಟು 168. ಬರೀ ತಲೆ ಎಣಿಸಿದರೆ ಮೊದಲನೆಯದು ಗೆಲ್ಲುತ್ತದೆ. ಗುಂಪುಗಳ ಒಪ್ಪಿಗೆಯನ್ನು ಗುಣಿಸಿದರೆ 0.18ರ ಎದುರು 0.49. ಜಾರಿಗೆ ತಂದಾಗ ಗಲಾಟೆಯಿಲ್ಲದೆ ನಡೆಯುವ ಸಾಧ್ಯತೆ ಎರಡನೆಯದಕ್ಕೇ ಹೆಚ್ಚು. ಹಾಗೆಂದು ಇದನ್ನು ಜನಮತಗಣನೆ ಎನ್ನಬಾರದು, ಬಂದವರೆಲ್ಲ ತಾವಾಗಿ ಬಂದವರು.

ಮುಗಿದ ಮೇಲೆ ಒಂದು ಕೋಷ್ಟಕ: ಹೇಳಿಕೆ, ಗುಂಪುವಾರು ಒಪ್ಪಿಗೆ, ತೀರ್ಮಾನ, ಕಾರಣ, ಜವಾಬ್ದಾರಿ ಯಾರದು, ಯಾವಾಗ. ‘ಆಗುವುದಿಲ್ಲ’ ಎಂಬ ಉತ್ತರಕ್ಕೂ ಕಾರಣದ ಕಾಲಂ ತುಂಬಿರಲೇಬೇಕು. ಮತಗಳ ಕಡತಗಳನ್ನೂ ಜೊತೆಗೆ ಹಾಕುತ್ತೇನೆ. ಸದಸ್ಯರ ಸಂಖ್ಯೆ ಅಥವಾ ಇಮೇಲ್ ಜೋಡಿಸಿದ ಗುರುತಿನ ಕಾಲಂ ಇದ್ದರೆ ಅದನ್ನು ಮೊದಲು ತೆಗೆಯಿರಿ.