ಬಿಸಿಯೂಟಕ್ಕೆ ಯಾವ ಕಾಗದ ಬೇಕು, ಯಾವುದು ಬೇಡ: ಪಾಲಕರಿಗೆ ಮಾರ್ಗದರ್ಶಿ

ಅಕ್ಷರ ದಾಸೋಹದ ಬಿಸಿಯೂಟಕ್ಕೆ ಪಾಲಕರು ಪ್ರತ್ಯೇಕ ಅರ್ಜಿ ಹಾಕಬೇಕಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಮಗುವಿನ ದಾಖಲಾತಿ ಆಗಿದ್ದರೆ ಸಾಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಎಂಟನೇ ತರಗತಿಯವರೆಗೆ ಈ ಊಟವನ್ನು ಹಕ್ಕಾಗಿಸಿದೆ, ಕರ್ನಾಟಕದಲ್ಲಿ ಒಂಬತ್ತು, ಹತ್ತನೇ ತರಗತಿಗೂ ಅದು ಸಿಗುತ್ತದೆ. ಮನೆಯ ಆದಾಯ, ಜಾತಿ, ಪಡಿತರ ಚೀಟಿ ಯಾವುದೂ ಇದಕ್ಕೆ ಅಡ್ಡಬರುವಂತಿಲ್ಲ. ವಿದ್ಯಾರ್ಥಿವೇತನಕ್ಕೆ ಬೇಕಾಗುವ ಜಾತಿ, ಆದಾಯ ಪ್ರಮಾಣಪತ್ರಗಳನ್ನು ಊಟದ ಹೆಸರಿನಲ್ಲಿ ಕೇಳಿದರೆ, ಯಾವ ಯೋಜನೆಗೆಂದು ವಿಚಾರಿಸಿಯೇ ಕೊಡಿ.

ತೊಡಕು ಹೆಚ್ಚಾಗಿ ಬರುವುದು ಆಧಾರ್ ವಿಷಯದಲ್ಲಿ. ನಿಪ್ಪಾಣಿ, ಅಥಣಿ ಕಡೆಯ ಗಡಿ ಊರುಗಳಲ್ಲಿ ತಾಯಿಯ ತವರು ಮಹಾರಾಷ್ಟ್ರದಲ್ಲಿದ್ದು, ಮಗುವಿನ ಆಧಾರ್ ಕೂಡ ಅಲ್ಲಿಯೇ ಆಗಿದ್ದರೆ, ಹೆಸರಿನ ಕಾಗುಣಿತ ಇಲ್ಲಿಯ ದಾಖಲೆಗೆ ತಾಳೆಯಾಗದೆ ಹೋಗಬಹುದು. ತಿದ್ದುಪಡಿ ಆಗುವವರೆಗೆ ಊಟ ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ: ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಸೌಲಭ್ಯ ತಪ್ಪಬಾರದೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಪ್ರತಿ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುತ್ತದೆಯೇ ಎಂದು ಕೇಳಿ. ಪ್ರತಿಯ ಮೇಲೆ 'ಶಾಲಾ ದಾಖಲಾತಿಗೆ ಮಾತ್ರ' ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಅದರ ಫೋಟೊ ಹಾಕಲೇಬೇಡಿ, ಶಾಲೆಗೆ ಹೋಗಿ ಕೈಯಲ್ಲೇ ಕೊಡಿ.

ಅಷ್ಟೇ ಎಚ್ಚರ ಮೊಟ್ಟೆಯ ವಿಷಯದಲ್ಲೂ ಬೇಕು. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಆರಂಭಿಸಿದ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಯಾವುದು ಬೇಕೆಂದಷ್ಟೇ ತಿಳಿಸಿ, ಕಾರಣವನ್ನಾಗಲಿ ಜಾತಿಯನ್ನಾಗಲಿ ಬರೆಯಬೇಡಿ. ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಎಂಬ ಪಟ್ಟಿಯನ್ನು ಹೆಸರು ಸಮೇತ ಗೋಡೆಗೆ ಅಂಟಿಸಿದರೆ, ನಮ್ಮ ಹಳ್ಳಿಗಳಲ್ಲಿ ಅದು ಮನೆಮನೆಯ ಜಾತಿಯನ್ನು ಬರೆದು ತೂಗುಹಾಕಿದಂತೆಯೇ ಸರಿ, ಮಕ್ಕಳು ಪಂಕ್ತಿಯಲ್ಲಿ ಬೇರೆಬೇರೆಯಾಗಿ ಕೂರುವುದಕ್ಕೆ ಅಷ್ಟು ಸಾಕಾಗುತ್ತದೆ. ಪಟ್ಟಿ ತರಗತಿ ಶಿಕ್ಷಕರ ಬಳಿ ಮಾತ್ರ ಇರಬೇಕೆಂದು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ. ವಾರದ ಊಟದ ಪಟ್ಟಿ, ಉಂಡವರ ಒಟ್ಟು ಸಂಖ್ಯೆ ಎಲ್ಲರಿಗೂ ಕಾಣುವಂತಿರಲಿ. ಅದು ಊರಿನವರಿಗೆ ಗೊತ್ತಿರಬೇಕಾದ ಲೆಕ್ಕ.

ಊಟ ನಿರಾಕರಿಸಿದರೆ ಮುಖ್ಯೋಪಾಧ್ಯಾಯರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿರುವ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರ ಬಳಿ ಹೋಗಿ. ಅಂಗನವಾಡಿಯ ಮಗುವಾದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ. ದೂರಿನಲ್ಲಿ ಮಗುವಿನ ಹೆಸರು, ತರಗತಿ, ಊಟ ತಪ್ಪಿದ ದಿನಾಂಕ ಇದ್ದರೆ ಸಾಕು, ಆಧಾರ್ ಸಂಖ್ಯೆ ಅಲ್ಲಿಯೂ ಬೇಕಿಲ್ಲ.