ಟೆಕ್ಸಸ್ ಗಾರ್ಡ್ ಡ್ಯೂಟಿಯಲ್ಲಿ ಪೆಟ್ಟಾದರೆ ಪರಿಹಾರ ಪಡೆಯುವುದು ಹೇಗೆ?

ಚಂಡಮಾರುತ ಬಡಿದಾಗ ಟೆಕ್ಸಸ್ ಗವರ್ನರ್ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯವರನ್ನು ಕರೆಸುತ್ತಾರೆ. ನೀರು ನುಗ್ಗಿದ ಮನೆಯಿಂದ ಅಜ್ಜಿಯೊಬ್ಬರನ್ನು ಎತ್ತಿಕೊಂಡು ಬರುವಾಗ ಕಾಲು ಜಾರಿ ಮಂಡಿ ಉಳುಕಿತು ಅಂತಿಟ್ಟುಕೊಳ್ಳಿ. ಆಸ್ಪತ್ರೆ ಖರ್ಚು ಯಾರದ್ದು? ಡಾಲಸ್, ಹ್ಯೂಸ್ಟನ್‌ನ ಕನ್ನಡದ ಮನೆಗಳಲ್ಲಿ ಗಾರ್ಡ್ ಸೇರಿದ ಮಕ್ಕಳಿದ್ದರೆ ಇದನ್ನು ಈಗಲೇ ತಿಳಿದಿರಬೇಕು.

ಮೊದಲು ಡ್ಯೂಟಿ ಆದೇಶದ ಕಾಗದ ತೆಗೆದು ನೋಡಿ. ಎಲ್ಲವೂ ನಿಂತಿರುವುದು ಅದರ ಮೇಲೆ. ‘ಟೈಟಲ್ 10’ ಅಥವಾ ‘ಟೈಟಲ್ 32’ ಎಂದಿದ್ದರೆ ಅದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ದಾರಿ; ಪೆಟ್ಟು ಡ್ಯೂಟಿಯಲ್ಲೇ ಆದದ್ದೇ ಎಂದು ನೋಡುವ ‘ಲೈನ್ ಆಫ್ ಡ್ಯೂಟಿ’ ವಿಚಾರಣೆ ನಡೆಯುತ್ತದೆ. ‘ಸ್ಟೇಟ್ ಆಕ್ಟಿವ್ ಡ್ಯೂಟಿ’ ಎಂದಿದ್ದರೆ ರಾಜ್ಯದ ವರ್ಕರ್ಸ್ ಕಾಂಪ್ (ಕೆಲಸದಲ್ಲಾದ ಗಾಯಕ್ಕೆ ಪರಿಹಾರ ಕೊಡುವ ವ್ಯವಸ್ಥೆ, ಪೂರ್ತಿ ಹೆಸರು ವರ್ಕರ್ಸ್ ಕಾಂಪೆನ್ಸೇಷನ್) ಅನ್ವಯಿಸುತ್ತದೆ. ರಾಜ್ಯದ್ದೇ ಆದ ಸ್ಟೇಟ್ ಗಾರ್ಡ್ ಪಡೆಯ ಸ್ವಯಂಸೇವಕರಿಗೂ ಇದು ಸಿಗುತ್ತದೆ. ಮುಂದೆ ಹೇಳುವುದೆಲ್ಲ ಈ ರಾಜ್ಯದ ದಾರಿಯ ಬಗ್ಗೆ. ಡ್ಯೂಟಿ ಆದೇಶದ ಫೋಟೊ ಮೊಬೈಲ್‌ನಲ್ಲಿರಲಿ.

ಆಮೇಲೆ ಮೇಲಧಿಕಾರಿಗೆ ತಿಳಿಸಿ. 30 ದಿನ ಗಡುವು. ‘ಸ್ವಲ್ಪ ಉಳುಕಿದೆ ಅಷ್ಟೇ’ ಎಂದು ಹಲ್ಲುಕಚ್ಚಿ ಓಡಾಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ, ಅವತ್ತೇ ಹೇಳಿ. ಬಾಯಲ್ಲಿ ಹೇಳಿದರೂ ಒಂದು ಇಮೇಲ್ ಹಾಕಿಡಿ: ದಿನ, ಹೊತ್ತು, ಜಾಗ, ಕಂಡವರ ಹೆಸರು.

ಡಾಕ್ಟರಿಗೂ ಡ್ಯೂಟಿಯಲ್ಲಾದ ಗಾಯ ಎಂದೇ ಹೇಳಿ. ಕೆಲಸ ಮಾಡಬಹುದೇ, ಬೇಡವೇ ಎಂದು ಅವರು ಬರೆದುಕೊಡುವ ಫಾರ್ಮ್ 73ರ ಪ್ರತಿ ಇಟ್ಟುಕೊಳ್ಳಿ.

ಕ್ಲೇಮ್‌ಗೆ ಫಾರ್ಮ್ 041 ತುಂಬಿ ರಾಜ್ಯದ ವರ್ಕರ್ಸ್ ಕಾಂಪೆನ್ಸೇಷನ್ ವಿಭಾಗಕ್ಕೆ ಕಳಿಸಬೇಕು, ಒಂದು ವರ್ಷದೊಳಗೆ. ಮೇಲಧಿಕಾರಿ ವರದಿ ಕೊಟ್ಟಾಯಿತಲ್ಲ ಎಂದು ಇದನ್ನು ಬಿಡಬೇಡಿ, ಎರಡೂ ಬೇರೆ ಬೇರೆ.

ಇನ್ನು ದುಡ್ಡು. ಕೆಲಸಕ್ಕೆ ಹೋಗಲಾಗದ ಎಂಟನೇ ದಿನದಿಂದ ಲೆಕ್ಕ ಶುರು. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚಾದರೆ ಮೊದಲ ಏಳು ದಿನದ್ದೂ ಬರುತ್ತದೆ. ಸಾಮಾನ್ಯವಾಗಿ ಕೈತಪ್ಪಿದ ಸಂಬಳದ ಶೇ 70, ಅದಕ್ಕೊಂದು ಮಿತಿಯೂ ಇದೆ. ಇಲ್ಲಿ ಬಹಳ ಮಂದಿ ಕಳೆದುಕೊಳ್ಳುವುದೊಂದಿದೆ. ಗಾರ್ಡ್‌ನ ಸಂಬಳ ಮಾತ್ರವಲ್ಲ, ನಿಮ್ಮ ಖಾಸಗಿ ಕೆಲಸದ ಸಂಬಳವೂ, ಸ್ವಂತ ಅಂಗಡಿ ಇದ್ದರೆ ಅದರ ಗಳಿಕೆಯೂ ಈ ಲೆಕ್ಕಕ್ಕೆ ಸೇರುತ್ತವೆ. ಪೇ ಸ್ಲಿಪ್‌ಗಳನ್ನು ಜೊತೆಗಿಡಿ.

ಜೀವವೇ ಹೋದರೆ? 2022ರ ಏಪ್ರಿಲ್‌ನಲ್ಲಿ ಈಗಲ್ ಪಾಸ್ ಬಳಿ, ರಿಯೊ ಗ್ರಾಂಡ್ ನದಿಯಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹಾರಿದ ಟೆಕ್ಸಸ್ ಗಾರ್ಡ್‌ನ ಯೋಧ ಬಿಷಪ್ ಇವಾನ್ಸ್ ತೀರಿಕೊಂಡರು. ವಯಸ್ಸು ಬರೀ 22. ಅವರ ಹೆಸರಿನಲ್ಲೇ 2023ರಲ್ಲಿ ಕಾಯ್ದೆ ಬಂತು. ಪೊಲೀಸರ ಕುಟುಂಬಕ್ಕೆ ಸಿಗುವ 5 ಲಕ್ಷ ಡಾಲರ್ ಈಗ ಗಾರ್ಡ್‌ನವರ ಕುಟುಂಬಕ್ಕೂ ಸಿಗುತ್ತದೆ. ಮೊದಲೇ ಇರಬೇಕಿತ್ತು, ಅಲ್ವಾ?

ಕ್ಲೇಮ್ ತಿರಸ್ಕರಿಸಿದರೆ ಗಾಬರಿ ಬೇಡ. ಗಾಯಗೊಂಡವರ ಪರ ನಿಲ್ಲಲೆಂದೇ ರಾಜ್ಯದಲ್ಲಿ ಪ್ರತ್ಯೇಕ ಕಚೇರಿಯಿದೆ. ಅಲ್ಲಿನ ಓಂಬುಡ್ಸ್‌ಮನ್ (ನಿಮಗೆ ನೆರವಾಗುವ ಅಧಿಕಾರಿ) ವಿಚಾರಣೆಗೆ ನಿಮ್ಮ ಜೊತೆ ಬಂದು ಕೂರುತ್ತಾರೆ, ಒಂದು ಡಾಲರ್ ಕೂಡ ಕೊಡಬೇಕಿಲ್ಲ.