ಮೆಡಿಕಲ್ ಲೈಬ್ರರಿಗೆ ಸೇರಬೇಕು ಅನ್ನುವವರಿಗೆ

ಶಿವಮೊಗ್ಗ ಕಡೆಯ ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ನನ್ನ ಕೆಲಸ. ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ: 'ಇದಕ್ಕೆ ಸೈನ್ಸೇ ಓದಿರಬೇಕಾ?' ಬೇಡ. ನಾನು ಬಿ.ಎ. ಮಾಡಿದವಳು.

ಯಾವುದೇ ಡಿಗ್ರಿ ಆದಮೇಲೆ ಲೈಬ್ರರಿ ಸೈನ್ಸ್ ಓದಬಹುದು. ಮೈಸೂರು, ಧಾರವಾಡ, ಶಂಕರಘಟ್ಟದ ವಿಶ್ವವಿದ್ಯಾಲಯಗಳಲ್ಲಿ ಮಾಸ್ಟರ್ಸ್ ಇದೆ. ಮನೆಯಲ್ಲೇ ಕೂತು ಓದುವವರಿಗೆ ಇಗ್ನೋದಲ್ಲಿ ಬಿ.ಲಿಬ್ ಇದೆ. ಅಸಿಸ್ಟೆಂಟ್ ಕೆಲಸಕ್ಕೆ ಡಿಪ್ಲೊಮಾ ಸಾಕಾಗುವುದುಂಟು. ಅರ್ಜಿ ಹಾಕುವ ಮುಂಚೆ ಆ ನೋಟಿಫಿಕೇಶನ್ನನ್ನೇ ಪೂರ್ತಿ ಓದಿ.

ಕೋರ್ಸಿನಲ್ಲಿ ಡ್ಯೂಯಿ ವರ್ಗೀಕರಣ, ಅಂದರೆ ಪುಸ್ತಕಗಳನ್ನು ವಿಷಯದ ಪ್ರಕಾರ ನಂಬರ್ ಹಾಕಿ ಜೋಡಿಸುವ ಪದ್ಧತಿ, ಕಲಿಸುತ್ತಾರೆ. ಮೆಡಿಕಲ್ ಲೈಬ್ರರಿಗಳಲ್ಲಿ ಎನ್ಎಲ್ಎಂ, ಅಂದರೆ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಪದ್ಧತಿಯೂ ಸಿಗುತ್ತದೆ. ಅದರಲ್ಲಿ ಕ್ಯೂಎಸ್ ಅಂದರೆ ಅನಾಟಮಿ, ಡಬ್ಲ್ಯೂಜಿ ಅಂದರೆ ಹೃದಯ, ಡಬ್ಲ್ಯೂಎಸ್ ಅಂದರೆ ಮಕ್ಕಳ ವಿಭಾಗ. ಕಪಾಟಿನ ಮುಂದೆ ಓಡಾಡಿದರೆ ಒಂದು ತಿಂಗಳಲ್ಲಿ ತಲೆಗೆ ಹತ್ತುತ್ತದೆ.

ಕಷ್ಟಪಟ್ಟು ಕಲಿಯಬೇಕಾದ್ದು ಹುಡುಕುವುದನ್ನು. ನಾನು ಸೇರಿದ ಹೊಸದರಲ್ಲಿ ಒಬ್ಬ ಪಿ.ಜಿ. ಹುಡುಗ ಬಂದು, 'ಮಂಗನ ಕಾಯಿಲೆ ಬಗ್ಗೆ ಪೇಪರ್ ಬೇಕು ಮೇಡಂ' ಅಂದ. ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ವೆಬ್‌ಸೈಟ್ ಪಬ್‌ಮೆಡ್‌ನಲ್ಲಿ 'ಮಂಕಿ', 'ಫೀವರ್' ಅಂತ ಹೊಡೆದೆ. ಮಂಗಗಳ ಮೇಲೆ ಮಾಡಿದ ಯಾವ್ಯಾವುದೋ ಪ್ರಯೋಗಗಳೆಲ್ಲ ಬಂದವು. ಆಮೇಲೆ ನಮ್ಮ ಹಿರಿಯ ಲೈಬ್ರರಿಯನ್ ಪಕ್ಕದಲ್ಲಿ ಕೂತು ಮೆಶ್ ತೆರೆದು ತೋರಿಸಿದರು. ಒಂದೊಂದು ಕಾಯಿಲೆಗೂ ಇಂಥದೇ ಹೆಸರು ಅಂತ ಎನ್ಎಲ್ಎಂ ಗೊತ್ತು ಮಾಡಿಟ್ಟಿರುವ ಪದಪಟ್ಟಿ ಅದು. ಅಲ್ಲಿತ್ತು: 'ಕ್ಯಾಸನೂರು ಫಾರೆಸ್ಟ್ ಡಿಸೀಸ್'. 1957ರಲ್ಲಿ ಈ ಕಾಯಿಲೆ ಗೊತ್ತಾಗಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ, ಹಾಗಾಗಿ ಅದೇ ಹೆಸರು. ನಮ್ಮ ಜಿಲ್ಲೆಯ ಒಂದು ಹಳ್ಳಿಯ ಹೆಸರನ್ನು ಅಮೆರಿಕದ ಪಟ್ಟಿಯಲ್ಲಿ ನೋಡಿ ಮೈ ಜುಮ್ ಅಂದಿತ್ತು.

ಆಗ ಅವರು ಹುಡುಗನನ್ನು ಕೇಳಿದರು: 'ನಿನಗೆ ಬೇಕಾಗಿದ್ದು ಲಸಿಕೆಯದಾ, ಚಿಕಿತ್ಸೆಯದಾ?' ಅವನಿಗೆ ಬೇಕಿದ್ದದ್ದು ಲಸಿಕೆಯ ವಿಷಯ ಮಾತ್ರ. ಎರಡೂ ಪದ ಇರುವ ಪೇಪರ್ ಮಾತ್ರ ಬರಲಿ ಅಂತ 'ಅಂಡ್' ಹಾಕಿ 'ವ್ಯಾಕ್ಸಿನ್ಸ್' ಸೇರಿಸಿದ್ದೇ ತಡ, ಪಟ್ಟಿ ಚಿಕ್ಕದಾಯಿತು. ಈ ಪ್ರಶ್ನೆಯನ್ನು ನಾನೇ ಮೊದಲು ಕೇಳಬೇಕಿತ್ತು, ಅಲ್ವಾ? ಅವತ್ತಿನಿಂದ ಕೀಬೋರ್ಡ್ ಮುಟ್ಟುವ ಮುಂಚೆ ಎರಡು ಪ್ರಶ್ನೆ ಕೇಳುತ್ತೇನೆ. ರೋಗಿಯ ಚಿಕಿತ್ಸೆಗೋ, ಥೀಸಿಸ್ಸಿಗೋ? ಯಾವಾಗ ಬೇಕು? ರೋಗಿಗೆ ಅಂದರೆ ಉಳಿದದ್ದೆಲ್ಲ ಪಕ್ಕಕ್ಕಿಡಬೇಕು.

ಪಬ್‌ಮೆಡ್, ಮೆಶ್ ಎರಡೂ ಉಚಿತ, ಮೊಬೈಲಿನಲ್ಲೇ ತೆರೆಯುತ್ತವೆ. ಕೋಹಾ ಸಾಫ್ಟ್‌ವೇರ್ ಕೂಡ ಉಚಿತ, ಪುಸ್ತಕ ಕೊಡುವುದು, ವಾಪಸ್ ತಗೊಳ್ಳುವುದು ಅದರಲ್ಲೇ ಕಲಿಯಿರಿ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಇ-ಜರ್ನಲ್ ಒದಗಿಸುವುದು ಹೆಲಿನೆಟ್. ಅದರ ಹೆಸರಾದರೂ ಗೊತ್ತಿರಲಿ.

ಇಂಟರ್‌ವ್ಯೂಗೆ ಹೋಗುವಾಗ ಸರ್ಟಿಫಿಕೇಟಿನ ಜೊತೆ ನೀವೇ ಮಾಡಿದ ಒಂದು ಹುಡುಕಾಟವನ್ನು ಹಾಳೆಯಲ್ಲಿ ಬರೆದು ಒಯ್ಯಿರಿ. ಪ್ರಶ್ನೆ ಏನು, ಯಾವ ಪದ ಹಾಕಿದಿರಿ, ಎಷ್ಟು ಬಂತು, ಯಾವುದನ್ನು ಯಾಕೆ ಬಿಟ್ಟಿರಿ, ಎಲ್ಲ ಅದರಲ್ಲಿರಲಿ.